ಬಸಿದು ಚೆಲ್ಲಿದ ನೀರು

ಬಸ್ಸಾರು ಮಾಡುವುದನ್ನು ನಮ್ಮ ಕಡೆ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನೋಡುತ್ತಾ ಬಂದುಬಿಡುತ್ತದೆ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ, ಪಾತ್ರೆಯ ಬಾಯಿಗೆ ತಟ್ಟೆ ಒತ್ತಿ ಹಿಡಿದು, ಓರೆ ಮಾಡಿ ನೀರು ಬಸಿಯಬೇಕು. ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಹಾಗೆ ಬಸಿದ ನೀರನ್ನು ನಾನು ಹತ್ತಿರ ಹತ್ತಿರ ಎರಡು ವರ್ಷ ಬಚ್ಚಲಿಗೆ ಚೆಲ್ಲಿದೆ. ನಮ್ಮ ಯಜಮಾನರ ಜೀವ ಉಳಿಸಿಕೊಳ್ಳಲಿಕ್ಕೆ ಅಂತ ಚೆಲ್ಲಿದೆ. ಅವರು ಹೋಗಿ ಈಗ ಒಂದೂವರೆ ವರ್ಷ.

ಅವರು ಖಾಸಗಿ ಬಸ್ಸಿನ ಡ್ರೈವರು. ಅಜ್ಜಂಪುರದಿಂದ ತರೀಕೆರೆಗೆ ದಿನಕ್ಕೆ ಮೂರು ಸಲ ಹೋಗಿ ಬರುತ್ತಿದ್ದರು. ನಾನು ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಒಬ್ಬಳೇ ಮಗಳು, ಮದುವೆಯಾಗಿ ತರೀಕೆರೆಯಲ್ಲಿದ್ದಾಳೆ. ದಾರಿಗೆ ಕುರಿ ಮಂದೆ ಅಡ್ಡ ಬಂದರೆ ಅವರು ಹಾರನ್ ಹೊಡೆಯುತ್ತಿರಲಿಲ್ಲ. ಎಂಜಿನ್ ಆರಿಸಿ ಕುರಿಗಳು ದಾಟುವವರೆಗೂ ಕೂತಿರುತ್ತಿದ್ದರು. ಮನೆಯಲ್ಲೂ ಹಾಗೆಯೇ, ಗದರಿದ್ದು ನಾನು ಕಂಡಿಲ್ಲ. ಬಿಪಿ ಬರುವುದು ಸಿಟ್ಟಿನವರಿಗೆ ಅಂತ ನಾವೆಲ್ಲ ತಿಳಿದಿದ್ದೆವು. ಹಾಗಾಗಿ ಲೈಸೆನ್ಸ್ ನವೀಕರಣಕ್ಕೆ ಮೆಡಿಕಲ್ ಸರ್ಟಿಫಿಕೇಟ್ ಬೇಕೆಂದು ತರೀಕೆರೆಯ ಡಾಕ್ಟರ ಹತ್ತಿರ ಹೋದಾಗ ಮೇಲೆ ನೂರ ಎಪ್ಪತ್ತು, ಕೆಳಗೆ ನೂರ ಹತ್ತು ಅಂತ ಬಂದದ್ದನ್ನು ನಾನು ನಂಬಲಿಲ್ಲ. ಬಸ್ ಇಳಿದು ಓಡಿ ಹೋಗಿರುತ್ತೀರಿ, ಅದಕ್ಕೇ ಅಂದೆ. ಮುಂದಿನ ವಾರ ಕೂತು, ದಣಿವಾರಿಸಿಕೊಂಡು ನೋಡಿಸಿದರು. ಅಷ್ಟೇ ಇತ್ತು.

ಡಾಕ್ಟರು ಮೂರು ಮಾತು ಹೇಳಿದ್ದರಂತೆ. ಉಪ್ಪು ಕಡಿಮೆ ಮಾಡಬೇಕು, ಕಡ್ಡಿಪುಡಿ ತಂಬಾಕು ಬಿಡಬೇಕು, ದಿನಾ ಒಂದು ಮಾತ್ರೆ ತಪ್ಪದೆ ನುಂಗಬೇಕು. ಕಡ್ಡಿಪುಡಿ ಅವರ ಜೇಬಿನಲ್ಲಿತ್ತು, ಮಾತ್ರೆಯೂ ಅವರ ಜೇಬಿನಲ್ಲೇ ಇತ್ತು. ನನ್ನ ಕೈಯಲ್ಲಿ ಇದ್ದದ್ದು ಉಪ್ಪು ಒಂದೇ.

ಉಪ್ಪು ಹಾಕದೇ ಬೇಯಿಸಬಹುದಿತ್ತಲ್ಲ ಅಂತ ಯಾರಾದರೂ ಕೇಳಬಹುದು. ನಮ್ಮವ್ವನ ಕಾಲದಿಂದ ನೀರು ಕುದಿ ಬರುವಾಗಲೇ ಉಪ್ಪು ಹಾಕಿ ಅಭ್ಯಾಸ. ಇಲ್ಲದಿದ್ದರೆ ಕಾಳು ಎಷ್ಟು ಬೆಂದರೂ ಒಳಗೆ ಸಪ್ಪೆ. ನನಗೆ ತೋಚಿದ ಉಪಾಯ ಬೇರೆ. ಉಪ್ಪು ಕರಗುವುದು ನೀರಿನಲ್ಲಿ, ನೀರನ್ನೇ ಚೆಲ್ಲಿದರೆ ಉಪ್ಪೂ ಹೋಯಿತು, ರುಚಿಗೆ ಎಷ್ಟು ಬೇಕೋ ಅಷ್ಟು ಸೊಪ್ಪು ಹೀರಿಕೊಂಡಿರುತ್ತದೆ. ಮೊದಲ ದಿನ ಹಾಗೆ ಮಾಡಿ ಮುದ್ದೆಗೆ ಪಲ್ಯ ಮಾತ್ರ ಬಡಿಸಿದೆ. ಅವರು ತಟ್ಟೆ ನೋಡಿ ಕೈ ಅಲ್ಲೇ ಇಟ್ಟುಕೊಂಡರು.

"ಏನೇ ಇದು, ಸಾರೆಲ್ಲಿ?"

"ಪಲ್ಯ ಐತಲ್ಲ. ಮಜ್ಜಿಗೆ ಕೊಡ್ತೀನಿ."

"ಬಸಿದಿದ್ದು ಏನ್ಮಾಡ್ದೆ?"

"ಬಚ್ಚಲಿಗೆ ಸುರಿದೆ. ಉಪ್ಪೆಲ್ಲ ಅದ್ರಾಗೇ ಹೋಯ್ತು."

ಅವರು ಮುದ್ದೆ ಮುರಿದರು. "ಹಂಗಾರೆ ಇನ್ಮೇಲೆ ನಮ್ ಬಚ್ಚಲಿಗೆ ಬಿಪಿ ಬತ್ತದೆ ಬಿಡು" ಅಂದರು. ಮಜ್ಜಿಗೆಯಲ್ಲೇ ಮುದ್ದೆ ಮುಗಿಸಿದರು.

ಆಮೇಲೆ ಅದೇ ಪದ್ಧತಿಯಾಯಿತು. ದಂಟಿನ ಸೊಪ್ಪಾಗಲಿ, ಹೊನಗೊನ್ನೆಯಾಗಲಿ, ಅಲಸಂದೆ ಕಾಳಾಗಲಿ, ಬಸಿದು ಚೆಲ್ಲಿ, ಸೊಪ್ಪನ್ನು ಕೈಯಲ್ಲಿ ಹಿಂಡಿ, ಇನ್ನೊಂದು ಸಲ ತಣ್ಣೀರಲ್ಲಿ ಜಾಲಿಸುತ್ತಿದ್ದೆ. ಶಾಲೆಯಲ್ಲಿ ಸೊಪ್ಪು ಬೇಯಿಸಿದ ನೀರನ್ನು ಒಂದು ಲೋಟದಷ್ಟೂ ಹಾಳು ಮಾಡುತ್ತಿರಲಿಲ್ಲ, ಮಕ್ಕಳ ಸಾಂಬಾರಿಗೆ ಹಾಕುತ್ತಿದ್ದೆ. ಅದೇ ಕೈ ಮನೆಗೆ ಬಂದು ಚೆಲ್ಲುತ್ತಿತ್ತು. ಆಗ ಅದು ನನಗೆ ವಿಚಿತ್ರ ಅನ್ನಿಸಲಿಲ್ಲ. ಅವರಿಗಾಗಿ ಏನೋ ಒಂದು ಮಾಡುತ್ತಿದ್ದೇನೆ ಅನ್ನುವ ನೆಮ್ಮದಿ ಇತ್ತು.

ಇನ್ನೊಂದು ವಿಷಯ ಹೇಳಬೇಕು. ನಮ್ಮದು ಬೌದ್ಧ ಮನೆ. ದೀಕ್ಷೆ ಮನೆಯವರೆಲ್ಲ ಒಂದೇ ದಿನ ತೆಗೆದುಕೊಂಡೆವು, ಆದರೆ ಮಾಂಸ ಬಿಟ್ಟವರು ಅವರೊಬ್ಬರೇ. ಯಾರೂ ಬಿಡು ಅಂದಿರಲಿಲ್ಲ. ಪಂಚಶೀಲದ ಮೊದಲನೆಯದನ್ನು, ಜೀವ ಕೊಲ್ಲುವುದಿಲ್ಲ ಅನ್ನುವುದನ್ನು, ಹೇಳಿ ಬಂದು ಕೋಳಿ ಕುಯ್ಯಲಿಕ್ಕೆ ಮನಸ್ಸು ಬರುವುದಿಲ್ಲ ಅಂದರು, ಮೊಟ್ಟೆಯನ್ನೂ ಬಿಟ್ಟರು. ಹಾಲು ಅವರಿಗೆ ಮೊದಲಿಂದಲೂ ಸೇರದು, ಮಜ್ಜಿಗೆಯೂ ನೀರು ಮಜ್ಜಿಗೆಯೇ ಆಗಬೇಕು. "ಏನಪ್ಪಾ, ಮಠ ಸೇರ್ತೀಯಾ?" ಅಂತ ನೆಂಟರು ರೇಗಿಸಿದರೆ, "ಸೇರ್ತೀನಿ, ಬಸ್ ಯಾರು ಓಡಿಸ್ತಾರೆ?" ಅನ್ನುತ್ತಿದ್ದರು. ಇದನ್ನು ಯಾಕೆ ಬರೆದೆ ಅನ್ನುವುದು ಮುಂದೆ ಬರುತ್ತದೆ.

ಮಾತ್ರೆಯ ವಿಷಯ. ಆ ಮಾತ್ರೆ ನುಂಗಿದರೆ ಅವರಿಗೆ ಗಂಟೆಗೊಮ್ಮೆ ಮೂತ್ರಕ್ಕೆ ಅವಸರವಾಗುತ್ತಿತ್ತು. ಮೊದಲ ವಾರವೇ ಒಂದು ದಿನ, ತರೀಕೆರೆ ಸಂತೆಗೆ ಹೋಗುವ ಜನ ತುಂಬಿಕೊಂಡಿದ್ದಾಗ, ದಾರಿಯಲ್ಲಿ ಎರಡು ಸಲ ಬಸ್ ನಿಲ್ಲಿಸಿ ಬೇಲಿ ಕಡೆ ಹೋಗಬೇಕಾಯಿತು. ಎರಡನೇ ಸಲ ಹತ್ತಿ ಕೂರುವಾಗ ಮುಂದಿನ ಸೀಟಿನ ಅಜ್ಜಿಯೊಬ್ಬಳು, "ಡ್ರೈವರಣ್ಣಾ, ಇನ್ನೊಂದು ಸಲ ನಿಲ್ಸಿದ್ರೆ ನಾವು ಸೊಪ್ಪಿನ ಕಟ್ಟು ಇಲ್ಲೇ ಮಾರ್ಕಂಡು ವಾಪಸ್ ಬತ್ತೀವಿ" ಅಂದಳಂತೆ. ಬಸ್ಸೆಲ್ಲ ನಕ್ಕಿತು. ಮನೆಗೆ ಬಂದು ನನಗೆ ಹೇಳುವಾಗ ಅವರೂ ನಕ್ಕರು. ಆದರೆ ಮಾರನೆಯ ದಿನದಿಂದ ಡ್ಯೂಟಿ ಇರುವ ದಿನ ಮಾತ್ರೆ ಮುಟ್ಟಲಿಲ್ಲ. ರಜೆ ಇದ್ದ ದಿನ ಮಾತ್ರ ನುಂಗುತ್ತಿದ್ದರು. ವಾರಕ್ಕೆ ಒಂದು, ಹೆಚ್ಚೆಂದರೆ ಎರಡು.

ಇದು ನನಗೆ ಗೊತ್ತಿತ್ತು. ಶರ್ಟ್ ಒಗೆಯುವಾಗ ಜೇಬಿನಲ್ಲಿ ಮಾತ್ರೆ ತುಂಬಿದ ಹಾಳೆ ಸಿಗುತ್ತಿತ್ತು. ಒಂದು ಸಲ ಕೇಳಿದೆ.

"ದಿನಾ ತಗಳ್ಳಿ ಅಂದಿದ್ರಲ್ಲ ಡಾಕ್ಟ್ರು?"

"ಸ್ಟೇರಿಂಗ್ ಮೇಲೆ ಕೂತಾಗ ಆಗಲ್ಲ ಕಣೇ. ನೀನು ಹೆಂಗೂ ಉಪ್ಪು ಚೆಲ್ತಿದೀಯಲ್ಲ, ನಂದು ಅದ್ರಾಗೇ ನಡೀತದೆ."

ನಾನು ಸುಮ್ಮನಾದೆ. ಒಳಗೊಳಗೇ ಹಿಗ್ಗಿದೆ ಕೂಡ. ನನ್ನ ಅಡುಗೆಯ ಮೇಲೆ ಅವರಿಗೆ ಅಷ್ಟು ನಂಬಿಕೆ. ಅವತ್ತಿನಿಂದ ಇನ್ನೂ ಗಟ್ಟಿಯಾಗಿ ಹಿಂಡಿ ನೀರು ಚೆಲ್ಲಿದೆ.

ಅದು ಬೆಳಗಿನ ಟ್ರಿಪ್ಪಿಗೆ ಹೊರಡುವ ಹೊತ್ತು. ಖಾಕಿ ಶರ್ಟ್ ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದರು. ಬಲಗೈ ಗುಂಡಿಯನ್ನು ಹಿಡಿಯುತ್ತಿರಲಿಲ್ಲ. "ಜೋಮು ಹಿಡಿದದೆ ಕಣೇ, ಇದೊಂದು ಹಾಕು" ಅಂದರು. ಮಾತು ಬಾಯಲ್ಲಿ ಏನೋ ಇಟ್ಟುಕೊಂಡು ಆಡಿದ ಹಾಗಿತ್ತು, ಕಡ್ಡಿಪುಡಿ ಅಂದುಕೊಂಡೆ. ನಾನು ಗುಂಡಿ ಹಾಕಿದೆ. ಮೂರನೆಯ ಗುಂಡಿ ಹಾಕುವಾಗ ನನ್ನ ಮೇಲೆ ವಾಲಿದರು. ಮೊದಲು ತರೀಕೆರೆಗೆ, ಅಲ್ಲಿಂದ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಲಕ್ವ ಅಂದರು. ನಾಲ್ಕನೆಯ ದಿನ ಹೋದರು. ಅದರ ಬಗ್ಗೆ ಇಷ್ಟು ಬರೆಯುವುದೇ ನನ್ನ ಕೈಯಲ್ಲಿ ಆಗುವುದು.

ಆಸ್ಪತ್ರೆಯಲ್ಲಿ ತೆಗೆದ ರಕ್ತದ ಒಂದು ಪರೀಕ್ಷೆಯ ಫಲಿತಾಂಶ, ಮನೆಯಲ್ಲಿ ಬುದ್ಧನ ಪಟದ ಮುಂದೆ ಅವರ ಫೋಟೋ ಇಟ್ಟ ಮೇಲೆ ಬಂತು. ಬಂದದ್ದು ನನ್ನ ಮೈದುನನ ಫೋನಿಗೆ. ಅವನು ಹಿರೇನಲ್ಲೂರಿನ ಕಡೆ ಒಣಭೂಮಿ, ಒಂದಿಷ್ಟು ತೆಂಗು ನೋಡಿಕೊಂಡಿದ್ದಾನೆ. ಪಿಯುಸಿ ಓದಿದವನು, ಏನಾದರೂ ತಿಳಿಯದಿದ್ದರೆ ಫೋನಿನಲ್ಲಿ ಹುಡುಕುವವನು. ಅದರಲ್ಲಿ ಒಂದೇ ಹೆಸರು, ಅದರ ಮುಂದಿನ ಅಂಕಿ ದಪ್ಪ ಅಕ್ಷರದಲ್ಲಿತ್ತು. ಹೋಮೋಸಿಸ್ಟೀನ್. ನನಗೆ ಅದನ್ನು ಹೇಳಲಿಕ್ಕೆ ನಾಲಿಗೆ ಹೊರಳಲಿಲ್ಲ.

ಎರಡು ವಾರ ಬಿಟ್ಟು ಅದರ ಪ್ರಿಂಟ್ ತೆಗೆಸಿಕೊಂಡು ಬೈಕಿನಲ್ಲಿ ಬಂದ. ಕಾಗದ ನನ್ನ ಕೈಗೆ ಕೊಟ್ಟು, ಕಟ್ಟೆಯ ಮೇಲೆ ಕೂತು ಹೇಳಿದ, "ಅತ್ತಿಗೆ, ಅಣ್ಣನ್ನ ಕೊಂದಿದ್ದು ಬಿಪಿ ಅಲ್ಲ. ಇದು. ರಕ್ತನಾಳ ಕೆಡಿಸೋದು, ಬಿಪಿ ಏರ್ಸೋದು, ಎಲ್ಲಾ ಇದೇ ಅಂತೆ. ಸೊಪ್ಪಿನಾಗೆ ಒಂದು ವಿಟಮಿನ್ ಇರ್ತದಂತೆ, ಅದು ಕಮ್ಮಿ ಆದ್ರೆ ಇದು ಏರ್ತದೆ."

"ನಾವು ಸೊಪ್ಪು ತಿಂತಿದ್ವಲ್ಲಪ್ಪ."

"ತಿಂದ್ರೂ ಬೇಯ್ಸೋದ್ರಾಗೆ ಹೋಗ್ತದಂತೆ. ಬಸಿದ ನೀರಾಗೇ ಇರೋದಂತೆ ಅದು. ನಮ್ ಬಸ್ಸಾರು ಎಂಥಾ ಒಳ್ಳೇ ಊಟ ನೋಡು, ನೀರು ಬಿಡಲ್ಲ ನಾವು."

ಅವನಿಗೆ ನಮ್ಮ ಮನೆಯ ವಿಷಯ ಗೊತ್ತಿರಲಿಲ್ಲ. ನಾನು ಕಾಫಿ ತರುತ್ತೇನೆ ಅಂತ ಒಳಗೆ ಹೋದೆ. ಬಚ್ಚಲ ಬಾಗಿಲಲ್ಲಿ ನಿಂತೆ. ಕಾಫಿ ಮಾಡಿಕೊಂಡು ಬಂದದ್ದು ತುಂಬಾ ಹೊತ್ತಾದ ಮೇಲೆ.

ಆಮೇಲಿನ ತಿಂಗಳುಗಳಲ್ಲಿ ನಾನು ಬಸ್ಸಾರು ಮಾಡಲಿಲ್ಲ. ಶಾಲೆಯಲ್ಲಿ ಸೊಪ್ಪು ಬೇಯಿಸುವಾಗ ಜೊತೆಯ ಅಡುಗೆಯವಳಿಗೆ ಬಸಿಯಲು ಹೇಳಿ ನಾನು ಅಕ್ಕಿ ಆರಿಸಲು ಕೂರುತ್ತಿದ್ದೆ. ಜನ ಬಂದು, "ಪಾಪ, ಎಷ್ಟು ಚೆನ್ನಾಗಿ ನೋಡ್ಕಂಡಿದ್ದೆ, ಉಪ್ಪು ಕೂಡ ಅಳೆದು ಹಾಕ್ತಿದ್ದೆ" ಅಂದರೆ ನೆಲ ನೋಡುತ್ತಿದ್ದೆ. ಮಗಳಿಗೂ ಹೇಳಲಿಲ್ಲ. ಹೇಳಿದರೆ ಅವಳು ಇಲ್ಲಮ್ಮ ಅನ್ನುತ್ತಾಳೆ, ಅವಳು ಇಲ್ಲ ಅಂದರೆ ನನಗೆ ನಂಬಿಕೆ ಬರುವುದಿಲ್ಲ. ನಾನೇ ಕೈಯಾರೆ ಚೆಲ್ಲಿದೆನಾ, ಇಲ್ಲವಾ. ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಡಾಕ್ಟರನ್ನು ಕೇಳಲು ಹೆದರಿಕೆ.

ಹೀಗಿರುವಾಗ ಮೈದುನನ ಹೆಂಡತಿ ಫೋನ್ ಮಾಡಿದಳು. "ಅಕ್ಕಾ, ನೀವಾದ್ರೂ ಹೇಳಿ ಇವ್ರಿಗೆ. ಬಿಪಿ ಮಾತ್ರೆ ಬಿಟ್ಟು ಮೂರು ತಿಂಗ್ಳಾಯ್ತು. ದಿನಾ ಬೆಳಿಗ್ಗೆ ನುಗ್ಗೆಸೊಪ್ಪು ಬೇಯ್ಸಿದ ನೀರು ಕುಡೀತಾರೆ, ಅದೇನೋ ವಿಟಮಿನ್ ನುಂಗ್ತಾರೆ. ನೆನ್ನೆ ತೋಟದಾಗೆ ತಲೆ ಸುತ್ತು ಬಂದು ಕೂತ್ಬಿಟ್ರಂತೆ." ಅವನಿಗೂ ನಾಲ್ಕು ವರ್ಷದಿಂದ ಬಿಪಿ ಇತ್ತು. ಅಣ್ಣ ತಮ್ಮ ಇಬ್ಬರಿಗೂ, ಅವರ ಅಪ್ಪನಿಗೂ.

ನಾನು ಅವನಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಹೇಳಿದರೆ ಕೇಳುವವನಲ್ಲ, ಫೋನ್ ತೆಗೆದು ತೋರಿಸುತ್ತಾನೆ. "ನಂಗೆ ಯಾಕೋ ಹುಷಾರಿಲ್ಲ ಕಣಪ್ಪ, ಕಡೂರಿನ ಡಾಕ್ಟ್ರಮ್ಮನ ಹತ್ರ ಹೋಗ್ಬೇಕು, ಒಬ್ಳೇ ಹೋಗಕ್ಕೆ ಭಯ, ನೀನು ಬಾ" ಅಂದೆ. ಅಷ್ಟಕ್ಕೆ ಎಲ್ಲ ಕೆಲಸ ಬಿಟ್ಟು ಬಂದ. ನಾನು ಬೀರೂರಿನ ಮೇಲೆ ಬಸ್ಸಿನಲ್ಲಿ ಕಡೂರಿಗೆ ಹೋದೆ, ಅವನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಆ ಕಾಗದ ನನ್ನ ಚೀಲದಲ್ಲಿತ್ತು.

ಡಾಕ್ಟರಮ್ಮನಿಗೆ ನಲವತ್ತರ ಹತ್ತಿರ ವಯಸ್ಸಿರಬಹುದು. ನನ್ನ ಬಿಪಿ ನೋಡಿದರು, ಸರಿಯಾಗಿತ್ತು. "ಇವನದ್ದೂ ನೋಡಿ ಅಮ್ಮ" ಅಂದೆ. ಅವನು ನನ್ನ ಕಡೆ ತಿರುಗಿ, "ಅತ್ತಿಗೆ, ಇದಕ್ಕಾ ಕರ್ಕಂಡ್ ಬಂದಿದ್ದು?" ಅಂದ. ಕೈ ಮಾತ್ರ ಕೊಟ್ಟ. ಮೇಲಿನದು ನೂರ ಎಂಬತ್ತು ದಾಟಿತ್ತು. ಐದು ನಿಮಿಷ ಕೂರಿಸಿ ಮತ್ತೆ ನೋಡಿದರು. ಹೆಚ್ಚು ಕಡಿಮೆ ಅಷ್ಟೇ.

ಮಾತ್ರೆ ಯಾಕೆ ಬಿಟ್ಟಿರಿ ಅಂತ ಕೇಳಿದ್ದಕ್ಕೆ ಅವನು ಹೋಮೋಸಿಸ್ಟೀನಿನ ಕಥೆ ಪೂರ್ತಿ ಹೇಳಿದ. ನಾನು ಕಾಗದ ತೆಗೆದು ಮೇಜಿನ ಮೇಲೆ ಇಟ್ಟೆ. ಡಾಕ್ಟರಮ್ಮ ಅದನ್ನು ಓದಿ, ಹೊರಗೆ ಕಾಯುವವರಿದ್ದರೂ ಅವಸರ ಮಾಡದೆ ಮಾತಾಡಿದರು.

"ನೀವು ಓದಿದ್ದು ಸುಳ್ಳಲ್ಲ. ಇದು ಎಲ್ಲರ ರಕ್ತದಲ್ಲೂ ಇರುತ್ತೆ. ನಾವು ತಿನ್ನೋ ಬೇಳೆ, ಹಾಲು, ಮಾಂಸ ಅರಗುವಾಗ ದೇಹದೊಳಗೇ ಹುಟ್ಟುತ್ತೆ. ಅದು ರಕ್ತದಲ್ಲಿ ಸೇರಿಕೊಳ್ಳದ ಹಾಗೆ ನೋಡಿಕೊಳ್ಳೋಕೆ ಸೊಪ್ಪು ಕಾಳಲ್ಲಿರೋ ಫೋಲಿಕ್ ಆಸಿಡ್ ಬೇಕು, ಬಸುರಿಯರಿಗೆ ಕೆಂಪು ಮಾತ್ರೆ ಕೊಡ್ತಾರಲ್ಲ, ಅದರಲ್ಲಿ ಇರುತ್ತಲ್ಲ, ಅದು. ಬಿ ಹನ್ನೆರಡೂ ಬೇಕು. ಸಾಲದೇ ಹೋದ್ರೆ ಇದು ಏರುತ್ತೆ. ತುಂಬಾ ಏರಿದ್ರೆ ರಕ್ತನಾಳದ ಒಳಮೈ ಕೆಡಬಹುದು, ನಾಳ ಬಿರುಸಾಗಬಹುದು. ಬಿಪಿ ಇರೋರಲ್ಲಿ ಇದು ಜಾಸ್ತಿ ಇರೋದನ್ನ ನೋಡ್ತೀವಿ."

"ಮತ್ತೆ ನಾನು ಹೇಳಿದ್ದು ಅದೇ ಅಲ್ವಾ ಮೇಡಂ?" ಅಂದ ಮೈದುನ.

"ಅರ್ಧ ಅದೇ. ಇದರಿಂದ ಬಿಪಿ ಬಂತಾ, ಅಥವಾ ಬಿಪಿ ತರೋ ಕಾರಣಗಳೇ ಇದನ್ನೂ ಏರಿಸಿದ್ವಾ ಅಂತ ಬಿಡಿಸಿ ಹೇಳೋದು ಕಷ್ಟ. ತಂಬಾಕು ಎರಡಕ್ಕೂ ಕೆಟ್ಟದ್ದು. ವಯಸ್ಸಾದ ಹಾಗೆ ಎರಡೂ ಏರುತ್ತೆ. ಕಿಡ್ನಿ ಸರಿ ಇಲ್ಲದಿದ್ರೂ ಎರಡೂ ಏರುತ್ತೆ. ಉಪ್ಪು, ಮೈತೂಕ, ಅಪ್ಪ ಅಮ್ಮನಿಂದ ಬಂದದ್ದು, ಇವೆಲ್ಲ ಬಿಪಿಗೆ ಬೇರೆ ಇದ್ದೇ ಇದೆ. ವಿಟಮಿನ್ ಕೊಟ್ರೆ ಈ ಕಾಗದದ ಅಂಕಿ ಇಳಿಯುತ್ತೆ. ಅದು ಇಳಿದ ಮಾತ್ರಕ್ಕೆ ನಿಮ್ಮ ನೂರ ಎಂಬತ್ತು ಇಳಿಯುತ್ತೆ ಅಂತ ನಂಬಿಕೊಂಡು ಕೂರೋ ಹಾಗಿಲ್ಲ. ಮೂರು ತಿಂಗಳು ನೀವೇ ಮಾಡಿ ನೋಡಿದ್ದೀರಲ್ಲ?"

ಅವನು ಮಡಚಿದ್ದ ತೋಳು ಇಳಿಸಿ ಗುಂಡಿ ಹಾಕಿಕೊಂಡ.

ನಾನು ಇನ್ನೊಂದು ಮಾತು ಕೇಳಬೇಕು ಅಂದೆ. ಅವನ ಎದುರಿಗೇ ಕೇಳಬೇಕಾಗಿತ್ತು, ಅವನನ್ನು ಹೊರಗೆ ಕಳಿಸಿದರೆ ಆಮೇಲೆ ನನಗೆ ಧೈರ್ಯ ಬರುವುದಿಲ್ಲ ಅಂತ ಗೊತ್ತಿತ್ತು. ಎರಡು ವರ್ಷ ನೀರು ಚೆಲ್ಲಿದ್ದು, ಹಿಂಡಿದ್ದು, ತಣ್ಣೀರಲ್ಲಿ ಜಾಲಿಸಿದ್ದು, ಎಲ್ಲ ಹೇಳಿದೆ. "ಅದಕ್ಕೇ ಹೋದ್ರಾ ಅಮ್ಮ ಅವ್ರು?" ಅಂತ ಕೇಳಿದೆ.

ಮೈದುನ ಮೇಲೆ ನೋಡಲಿಲ್ಲ.

"ಮಾಂಸ, ಮೊಟ್ಟೆ ತಿಂತಿದ್ರಾ?"

"ಇಲ್ಲ. ಹಾಲೂ ಇಲ್ಲ."

"ಹಾಗಾದ್ರೆ ಬಿ ಹನ್ನೆರಡು ಕಮ್ಮಿ ಇದ್ದಿರಬಹುದು, ಅದು ಸೊಪ್ಪಿನ ನೀರಲ್ಲಿ ಇರೋದೇ ಇಲ್ಲ. ಫೋಲಿಕ್ ಆಸಿಡ್ ಸ್ವಲ್ಪ ನೀರಿನ ಜೊತೆ ಹೋಗಿರುತ್ತೆ, ನಿಜ. ಸೊಪ್ಪಲ್ಲಿ, ಕಾಳಲ್ಲಿ ಉಳಿದೂ ಇರುತ್ತೆ. ಒಂದು ಪಾತ್ರೆ ನೀರಿಗೆ ಒಬ್ಬ ಮನುಷ್ಯನ್ನ ಕೊಲ್ಲೋ ಅಷ್ಟು ಶಕ್ತಿ ಇಲ್ಲಮ್ಮ." ಕಾಗದ ಮಡಚಿ ಕೇಳಿದರು, "ಬಿಪಿ ಮಾತ್ರೆ ದಿನಾ ತಗೋತಿದ್ರಾ?"

ನಾನು ಸುಳ್ಳು ಹೇಳಬಹುದಿತ್ತು. ಬಸ್ಸು, ಸಂತೆಯ ಅಜ್ಜಿ, ರಜೆ ದಿನ, ಜೇಬಿನಲ್ಲಿ ತುಂಬಿದ ಹಾಳೆ, ಎಲ್ಲ ಹೇಳಿದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಆ ತೊಂದರೆ ಹೇಳಿದ್ರೆ ಬೇರೆ ಮಾತ್ರೆ ಬರೆದು ಕೊಡ್ತಿದ್ರು. ಮೂತ್ರ ಜಾಸ್ತಿ ಮಾಡದೇ ಇರೋವೂ ಇದಾವೆ" ಅಂದರು. ಅಂದಾಗ ನನ್ನ ಕಡೆ ನೋಡಲಿಲ್ಲ, ಮೈದುನನ ಕಡೆ ನೋಡುತ್ತಿದ್ದರು. ಅದು ನನ್ನ ಮೇಲಿನ ಕರುಣೆ ಅಂತ ಆಗಲೇ ತಿಳಿಯಿತು.

ಬಸ್ ಸ್ಟ್ಯಾಂಡಿನವರೆಗೂ ಅವನು ಬೈಕ್ ತಳ್ಳಿಕೊಂಡೇ ಬಂದ. ಅಜ್ಜಂಪುರದ ಕಡೆಯ ಬಸ್ಸಿಗೆ ಕಾಯುತ್ತಾ ಕೂತಾಗ, "ಅವತ್ತು ನೀರಿನ ಮಾತು ನಾನು ಆಡ್ಬಾರ್ದಾಗಿತ್ತು ಅತ್ತಿಗೆ. ಗೊತ್ತಿರ್ಲಿಲ್ಲ" ಅಂದ.

"ನೀನು ಸುಳ್ಳೇನೂ ಹೇಳ್ಲಿಲ್ವಲ್ಲ."

"ಅಣ್ಣ ನಂಗೂ ಹೇಳಿರ್ಲಿಲ್ಲ ಮಾತ್ರೆ ಬಿಟ್ಟಿದ್ದು."

"ನಂಗೆ ಹೇಳಿದ್ರು" ಅಂದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಇದನ್ನೇ ನೆನೆದೆ. ಇಷ್ಟು ದಿನ ನಾನು ಹೊತ್ತಿದ್ದು ನೀರಿನ ತಪ್ಪು. ಅದನ್ನು ಡಾಕ್ಟರಮ್ಮ ಇಳಿಸಿದರು. ಕೆಳಗೆ ಇನ್ನೊಂದಿತ್ತು. ನೀರು ಚೆಲ್ಲುತ್ತಿದ್ದೇನಲ್ಲ ಅನ್ನುವ ಧೈರ್ಯದಲ್ಲಿ ನಾನು ಮಾತ್ರೆಯ ಮಾತು ಎತ್ತಲಿಲ್ಲ. ನಾನು ಚೆಲ್ಲುತ್ತಿದ್ದೇನಲ್ಲ ಅನ್ನುವ ಧೈರ್ಯದಲ್ಲಿ ಅವರು ನುಂಗಲಿಲ್ಲ. ಒಬ್ಬರಿಗೊಬ್ಬರು ಒಳ್ಳೆಯದು ಮಾಡುತ್ತಿದ್ದೇವೆ ಅಂದುಕೊಂಡು ಇಬ್ಬರೂ ಸುಮ್ಮನಿದ್ದೆವು. ಜಗಳವಾಡಿದ್ದರೆ ಉಳಿಯುತ್ತಿದ್ದರೋ ಏನೋ, ಅದನ್ನು ಈಗ ಯಾರೂ ಹೇಳಲಾರರು. ನಮ್ಮಲ್ಲಿ ಜಗಳವೇ ಇರಲಿಲ್ಲ ಅಂತ ಜನ ಹೇಳುವುದು ಕೇಳಿದಾಗ ಈಗ ಬೇರೆ ಥರ ನೋವಾಗುತ್ತದೆ.

ಮೈದುನನಿಗೆ ಡಾಕ್ಟರಮ್ಮ ಬರೆದುಕೊಟ್ಟದ್ದು ದಿನಕ್ಕೊಂದು ಬಿಪಿ ಮಾತ್ರೆ. ವಿಟಮಿನ್ ಬಿಡಬೇಕಾಗಿಲ್ಲ, ಅದರ ಪಾಡಿಗೆ ಅದು ಇರಲಿ ಅಂದಿದ್ದರು. ನಾನು ಅವನಿಗೆ ಒಂದು ಷರತ್ತು ಹಾಕಿದೆ. ಭಾನುವಾರ ಊಟಕ್ಕೆ ಬರಬೇಕು, ಬರುವಾಗ ಮಾತ್ರೆಯ ಹಾಳೆ ತರಬೇಕು. "ಸ್ಕೂಲ್ ಮಕ್ಕಳ ಕೈ ಉಗುರು ನೋಡ್ದಂಗೆ ನೋಡ್ತೀಯಾ?" ಅಂದ. ನೋಡುತ್ತೇನೆ ಅಂದೆ.

ಮೊದಲ ಭಾನುವಾರ ಬಸ್ಸಾರು ಮಾಡಿದೆ. ಕುದಿಯುವ ನೀರಿಗೆ ಉಪ್ಪು ಹಾಕಲಿಲ್ಲ. ದಂಟಿನ ಸೊಪ್ಪು, ಅಲಸಂದೆ ಕಾಳು. ಬೆಂದ ಮೇಲೆ ತಟ್ಟೆ ಒತ್ತಿ ಹಿಡಿದು ಓರೆ ಮಾಡಿದಾಗ ಕೈ ತಾನಾಗಿಯೇ ಬಚ್ಚಲ ಕಡೆ ತಿರುಗಿತು. ನಿಲ್ಲಿಸಿ, ಇನ್ನೊಂದು ಪಾತ್ರೆಗೆ ಬಸಿದೆ. ಬೆಳ್ಳುಳ್ಳಿ, ಹುಣಸೆಹುಳಿ ಸ್ವಲ್ಪ ಮುಂದು ಮಾಡಿ ರುಬ್ಬಿದೆ. ಉಪ್ಪು ಕೊನೆಗೆ, ಚಿಟಿಕೆಯಲ್ಲಿ. ಅವನು ಎರಡನೇ ಸಲ ಸಾರು ಹಾಕಿಸಿಕೊಂಡ.

ಹೀಗೆ ಐದಾರು ವಾರ ನಡೆಯಿತು. ಕಳೆದ ಭಾನುವಾರ ಹಾಳೆ ಎಣಿಸಿದಾಗ ಎರಡು ಮಾತ್ರೆ ಹೆಚ್ಚಿಗೆ ಉಳಿದಿದ್ದವು.

"ಇದೇನು?"

"ಮೊನ್ನೆ ತೆಂಗಿನಕಾಯಿ ಕೀಳ್ಸೋರು ಬಂದಿದ್ರು, ಮರ್ತೆ. ಇವತ್ತಿಂದು ಮನೀಗೋಗಿ ತಗಂತೀನಿ ಬಿಡು ಅತ್ತಿಗೆ."

ಮುದ್ದೆ ಕಟ್ಟಿ ತಟ್ಟೆಯಲ್ಲಿ ಇಟ್ಟಾಗಿತ್ತು. ಸಾರಿನ ಪಾತ್ರೆ ನನ್ನ ಪಕ್ಕದಲ್ಲಿತ್ತು. ನಾನು ಸೌಟು ಎತ್ತಲಿಲ್ಲ. ಹಾಳೆಯನ್ನೂ ನೀರಿನ ಲೋಟವನ್ನೂ ಅವನ ಮುಂದೆ ಇಟ್ಟು ಕೂತೆ.

"ಮುದ್ದೆ ಆರ್ತದೆ ಅತ್ತಿಗೆ."

"ಆರ್ಲಿ."

"ಮನೀಗೋಗಿ ತಗಂತೀನಿ ಅಂದ್ನಲ್ಲ."

"ಈಗ್ಲೇ ತಗಾ."

ನನ್ನ ದನಿ ನನಗೇ ಹೊಸದಾಗಿತ್ತು. ಅವನು ಬುದ್ಧನ ಪಟದ ಮುಂದಿದ್ದ ಅಣ್ಣನ ಫೋಟೋ ಕಡೆ ಒಂದು ಸಲ ನೋಡಿ, "ನೋಡಣ್ಣ, ಹೆಂಗ್ ಜಬರ್ದಸ್ತ್ ಮಾಡ್ತಾಳೆ" ಅಂದ. ಒಂದು ಮಾತ್ರೆ ಬಿಡಿಸಿ ಬಾಯಿಗೆ ಹಾಕಿಕೊಂಡು ನೀರು ಕುಡಿದ. ಲೋಟ ಖಾಲಿಯಾಗುವವರೆಗೂ ನೋಡಿ, ಆಮೇಲೆ ಸಾರು ಬಡಿಸಿದೆ.